ಕ್ಲೇ ಬಿಲ್ಲೆಯಿಂದ ಅಚ್ಚು: ಮಕ್ಕಳ ಜೊತೆ ಮನೆಯಲ್ಲೇ ಮಾಡುವುದು ಹೇಗೆ?

"ಕ್ಲೇ ಮೇಲೆ ಹೂವು ಕೊರೆದು, ಬಣ್ಣ ಹಚ್ಚಿ, ಹಾಳೆ ಮೇಲೆ ಒತ್ತಿದ್ವಿ. ಹೂವು ಬರಲೇ ಇಲ್ಲ, ಬರೀ ಬಣ್ಣದ ಮುದ್ದೆ ಬಂತು. ಯಾಕೆ?"

ಬೇಸಿಗೆ ರಜೆ ಶುರುವಾದರೆ ಸಾಕು, ಅಪ್ಪ ಅಮ್ಮಂದಿರಿಂದಲೂ ಶಾಲೆಯ ಟೀಚರುಗಳಿಂದಲೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಬರುತ್ತದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಮೊದಲಿನಿಂದ ಕೊನೆಯವರೆಗೆ ಇಲ್ಲೇ ಬರೆದಿಡುತ್ತೇನೆ. ಖರ್ಚು ಕಡಿಮೆ. ಸ್ಟೇಷನರಿ ಅಂಗಡಿಯಿಂದ ಒಂದು ಪ್ಯಾಕೆಟ್ ಕ್ಲೇ, ಎರಡು ಬಾಟಲಿ ಪೋಸ್ಟರ್ ಕಲರ್ ತಂದರೆ ಉಳಿದದ್ದೆಲ್ಲ ಮನೆಯಲ್ಲೇ ಸಿಗುತ್ತದೆ.

ಕೈ ಹಾಕುವ ಮುಂಚೆ ಒಂದು ವಿಷಯ ಮನಸ್ಸಿಗೆ ಬರಲಿ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಅಚ್ಚು ಹಾಕುವುದನ್ನು ನಾವೆಲ್ಲ ಶಾಲೆಯಲ್ಲಿ ಮಾಡಿದ್ದೇವೆ. ಅದು ಯಾರು ಮಾಡಿದರೂ ಬರುತ್ತದೆ. ಯಾಕೆಂದರೆ ಚಾಕು ಒಂದೇ ಏಟಿಗೆ ಸಮತಟ್ಟಾದ ಮುಖ ಮಾಡಿಕೊಡುತ್ತದೆ. ಕ್ಲೇಗೆ ಆ ಮುಖವನ್ನು ನಾವೇ ಮಾಡಬೇಕು. ಇಲ್ಲಿ ಹಾಳೆಗೆ ತಾಗಿದ್ದಷ್ಟೇ ಮೂಡುತ್ತದೆ, ತಾಗದೆ ತಗ್ಗಿನಲ್ಲಿ ಉಳಿದದ್ದು ಬಿಳಿಯಾಗಿ ಉಳಿಯುತ್ತದೆ. ಇದಕ್ಕೆ ಉಬ್ಬಚ್ಚು ಎನ್ನುತ್ತಾರೆ. ಕ್ಲೇ ಕೈಗೆ ಸಿಕ್ಕ ಕೂಡಲೇ ಮಕ್ಕಳು ಗೊಂಬೆ ಮಾಡುವ ಅಭ್ಯಾಸದಲ್ಲಿ ಮೂಗು, ಕಣ್ಣು, ಬಾಲ ಎಂದು ಒಂದರ ಮೇಲೊಂದು ಅಂಟಿಸುತ್ತಾರೆ. ಒತ್ತಿದಾಗ ಮೂಗಿನ ತುದಿ ಒಂದೇ ಹಾಳೆಗೆ ತಾಗುತ್ತದೆ, ಬೆಕ್ಕಿನ ಮುಖ ಗಾಳಿಯಲ್ಲೇ ಉಳಿಯುತ್ತದೆ. "ಚಿತ್ರ ಬರಲಿಲ್ಲ" ಎಂಬ ದೂರುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟುವಂಥವು.

ಯಾವ ಕ್ಲೇ ತರಬೇಕು?

ಅಂಗಡಿಯಲ್ಲಿ "ಕ್ಲೇ" ಎಂದು ಕೇಳಿದರೆ ಬೇರೆ ಬೇರೆ ಸ್ವಭಾವದ ಸರಕು ಕೈಗೆ ಬರುತ್ತದೆ.

ಎಣ್ಣೆ ಕ್ಲೇ: ಬಣ್ಣಬಣ್ಣದ ಕಡ್ಡಿಗಳಾಗಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಜೋಡಿಸಿಟ್ಟಿರುತ್ತಾರಲ್ಲ, ಅದು. ಎಷ್ಟು ದಿನ ಬಿಟ್ಟರೂ ಒಣಗುವುದಿಲ್ಲ. ಇಂಗ್ಲೆಂಡಿನ ಬಾತ್ ಊರಿನಲ್ಲಿ ವಿಲಿಯಂ ಹಾರ್ಬಟ್ ಎಂಬ ಕಲಾ ಶಿಕ್ಷಕರು 1897ರಲ್ಲಿ ತಮ್ಮ ಶಿಲ್ಪಕಲೆಯ ವಿದ್ಯಾರ್ಥಿಗಳಿಗಾಗಿ ಒಣಗದ ಕ್ಲೇ ತಯಾರಿಸಿ ಪ್ಲಾಸ್ಟಿಸಿನ್ ಎಂದು ಹೆಸರಿಟ್ಟರು. ಈಗ ಅಂಗಡಿಯಲ್ಲಿ ಸಿಗುವುದು ಇದೇ ಜಾತಿಯದು. ಸುಣ್ಣಕಲ್ಲಿನ ಪುಡಿ, ಪೆಟ್ರೋಲಿಯಂ ಜೆಲ್ಲಿ, ಮೇಣದಂಥ ಕೊಬ್ಬಿನಾಮ್ಲ ಸೇರಿಸಿ ಮಾಡುವುದರಿಂದ ಕೈಗೆ ಜಿಡ್ಡು ಜಿಡ್ಡಾಗಿರುತ್ತದೆ. ಅಚ್ಚಿನ ಕೆಲಸಕ್ಕೆ ನನ್ನ ಆಯ್ಕೆ ಇದೇ. ತಪ್ಪು ಗೆರೆ ಬಿದ್ದರೆ ಬೆರಳಿನಿಂದ ಸವರಿ ಮತ್ತೆ ಕೊರೆಯಬಹುದು. ಮರದಲ್ಲಾಗಲಿ ಲಿನೋಲಿಯಂನಲ್ಲಾಗಲಿ ಈ ಅನುಕೂಲ ಇಲ್ಲ.

ಹಿಟ್ಟಿನ ಕ್ಲೇ: ಡಬ್ಬಿಯಲ್ಲಿ ಬರುವ ಪ್ಲೇ ಡೋ, ಮನೆಯಲ್ಲಿ ಮೈದಾ ಮತ್ತು ಉಪ್ಪು ಕಲಸಿ ಮಾಡುವ ಹಿಟ್ಟು ಎರಡೂ ಇದೇ ಗುಂಪಿನವು. ನೀರಿನ ಬಣ್ಣ ಬಿದ್ದರೆ ಮೇಲ್ಮೈ ಕರಗಿ ಲೋಳೆಯಾಗುತ್ತದೆ. ಎರಡು ಮೂರು ಅಚ್ಚು ತೆಗೆದು ಬಿಸಾಡಲು ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚು ಬಾಳಿಕೆ ನಿರೀಕ್ಷಿಸಬೇಡಿ. ಮನೆಯಲ್ಲಿ ನಾಯಿ ಇದ್ದರೆ ಉಪ್ಪು ಕಲಸಿದ ಹಿಟ್ಟು ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಅಷ್ಟು ಉಪ್ಪು ನಾಯಿಗೆ ವಿಷ.

ಫೋಮ್ ಕ್ಲೇ: ಹತ್ತಿಯಷ್ಟು ಹಗುರ, ಎಳೆದರೆ ಉದ್ದವಾಗುತ್ತದೆ, ಗಾಳಿಗೆ ಬಿಟ್ಟರೆ ಒಂದೆರಡು ದಿನದಲ್ಲಿ ಒಣಗುತ್ತದೆ. ಒಣಗಿದ ಮೇಲೆ ಮೃದುವಾದ ರಬ್ಬರ್ ಸ್ಟ್ಯಾಂಪಿನ ಹಾಗೆ ಕೆಲಸ ಮಾಡುತ್ತದೆ. ಇಟ್ಟುಕೊಂಡು ಮತ್ತೆ ಮತ್ತೆ ಬಳಸುವ ಅಚ್ಚು ಬೇಕಿದ್ದರೆ ಇದು ಒಳ್ಳೆಯದು, ಆದರೆ ಒಣಗಿದ ಮೇಲೆ ತಿದ್ದಲು ಆಗದು.

ಜೇಡಿಮಣ್ಣು: ಗಣೇಶನ ಹಬ್ಬದಲ್ಲಿ ಮೂರ್ತಿ ಮಾಡಿ ಉಳಿದ ಮಣ್ಣಿನಿಂದ ಮಾಡಬಹುದಾ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು, ಆದರೆ ನೆರಳಿನಲ್ಲಿ ನಿಧಾನವಾಗಿ, ದಿನಕ್ಕೊಮ್ಮೆ ಮಗುಚಿಹಾಕಿ ಒಣಗಿಸದಿದ್ದರೆ ಬಿಲ್ಲೆ ಸೊಟ್ಟಗಾಗುತ್ತದೆ, ಬಿರುಕೂ ಬಿಡುತ್ತದೆ. ಸುಡದ ಮಣ್ಣು ಒದ್ದೆ ಬಣ್ಣಕ್ಕೆ ಕರಗುವುದೂ ಇದೆ. ಮೊದಲ ಸಲಕ್ಕೆ ಇದರ ಸಹವಾಸ ಬೇಡ.

ಮುಂದೆ ಬರೆದಿರುವುದೆಲ್ಲ ಎಣ್ಣೆ ಕ್ಲೇಗೆ ಅನ್ವಯ. ಕೊಳ್ಳುವಾಗ ಪ್ಯಾಕೆಟ್ ಮೇಲೆ "ನಾನ್ ಟಾಕ್ಸಿಕ್" ಅಂದರೆ ವಿಷಕಾರಿಯಲ್ಲ ಎಂದು ಬರೆದಿದೆಯೇ, ಎಷ್ಟು ವಯಸ್ಸಿನವರಿಗೆ ಎಂದು ಹಾಕಿದ್ದಾರೆಯೇ ನೋಡಿ. ವಿಷಕಾರಿಯಲ್ಲ ಎಂದ ಮಾತ್ರಕ್ಕೆ ಅದು ತಿನ್ನುವ ವಸ್ತುವಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಈ ಕೆಲಸ ಬೇಡ. ಕ್ಲೇಗಿಂತ ಜೊತೆಗಿರುವ ಗುಂಡಿ, ಹುಣಸೆ ಬೀಜಗಳು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ದೊಡ್ಡದು.

ಬೇಕಾಗುವ ಸಾಮಾನು

ಎಣ್ಣೆ ಕ್ಲೇ: ಮಗುವಿನ ಮುಷ್ಟಿ ತುಂಬುವಷ್ಟು. ಬಣ್ಣ ಯಾವುದಾದರೂ ಸರಿ, ತಿಳಿ ಬಣ್ಣದ್ದಾದರೆ ಕೊರೆದ ಗೆರೆ ಚೆನ್ನಾಗಿ ಕಾಣುತ್ತದೆ.
ಪೋಸ್ಟರ್ ಕಲರ್: ಎರಡು ಬಣ್ಣ ಸಾಕು, ಒಂದು ತಿಳಿ, ಒಂದು ಗಾಢ.
ಡ್ರಾಯಿಂಗ್ ಶೀಟ್. ಅಭ್ಯಾಸಕ್ಕೆ ಹಳೆಯ ನೋಟ್ ಬುಕ್ಕಿನ ಹಾಳೆ.
ಹಳೆಯ ದಿನಪತ್ರಿಕೆ, ಸಾಕಷ್ಟು.
ತೊಳೆದು ಒಣಗಿಸಿ ಬಿಡಿಸಿದ ಹಾಲಿನ ಕವರ್ ಎರಡು. ಹೊಸ ಶರ್ಟಿನ ಜೊತೆ ಬರುವ ಪಾರದರ್ಶಕ ಕವರ್ ಒಂದು.
ನೆಟ್ಟಗಿನ ಸ್ಟೀಲ್ ಲೋಟ ಅಥವಾ ಗಾಜಿನ ಬಾಟಲಿ, ಲಟ್ಟಿಸಲು. ಅಡುಗೆಮನೆಯ ಲಟ್ಟಣಿಗೆ ಬಳಸಬೇಡಿ, ಜಿಡ್ಡು ಮರದೊಳಗೆ ಇಳಿದರೆ ಚಪಾತಿಗೆ ವಾಸನೆ.
ಒಂದೇ ದಪ್ಪದ ಎರಡು ಪೆನ್ಸಿಲ್.
ಪಾತ್ರೆ ಉಜ್ಜುವ ಸ್ಪಂಜಿನ ಮೆತ್ತನೆಯ ಭಾಗ, ಹಳೆಯ ಹತ್ತಿ ಬಟ್ಟೆಯ ತುಂಡು, ರಬ್ಬರ್ ಬ್ಯಾಂಡ್.
ಪಾತ್ರೆ ತೊಳೆಯುವ ಲಿಕ್ವಿಡ್, ಒಂದೆರಡು ಹನಿ.
ಗೆರೆ ಹಾಕಲು, ಗುರುತು ಮೂಡಿಸಲು ಮನೆಯಲ್ಲಿ ಸಿಕ್ಕಿದ್ದೆಲ್ಲ.

ಸ್ಟ್ಯಾಂಪ್ ಪ್ಯಾಡ್ ಬಳಸಬಹುದಾ ಎಂದರೆ ಬಳಸಬಹುದು, ಅಚ್ಚು ಸ್ಪಷ್ಟವಾಗಿಯೇ ಬರುತ್ತದೆ. ಕಚೇರಿಯ ನೇರಳೆ ಇಂಕಿನ ಪ್ಯಾಡ್ ಮಾತ್ರ ಬೇಡ, ಮಕ್ಕಳ ಬೆರಳಿನಿಂದ ಬೇಗ ಹೋಗುವುದಿಲ್ಲ. ಅಕ್ರಿಲಿಕ್ ಬಣ್ಣ ಕ್ಲೇಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಒಣಗಿದ ಮೇಲೆ ಬಟ್ಟೆಯಿಂದ ಬಿಡುವುದಿಲ್ಲ. ದೊಡ್ಡ ಮಕ್ಕಳಾದರೆ, ಹಳೆಯ ಬಟ್ಟೆ ತೊಟ್ಟಿದ್ದರೆ ಮಾತ್ರ ಕೊಡಿ.

ಹಂತ 1: ಕ್ಲೇ ಹದ ಮಾಡುವುದು

ಹೊಸ ಕ್ಲೇ ಗಟ್ಟಿಯಾಗಿರುತ್ತದೆ. ಅಂಗೈಯಲ್ಲಿಟ್ಟು ನಾದಿ ಮೆತ್ತಗೆ ಮಾಡಿ. ಈ ಕೆಲಸ ಮಕ್ಕಳಿಗೇ ಬಿಡಿ. ಮಡಚಿ ಮಡಚಿ ಒತ್ತಿದರೆ ಒಳಗೆ ಸಿಕ್ಕಿಕೊಂಡ ಗಾಳಿಯೂ ಹೋಗುತ್ತದೆ. ಗಾಳಿಗುಳ್ಳೆ ಉಳಿದರೆ ಒತ್ತುವಾಗ ಆ ಜಾಗ ಕುಸಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆಯವರಿಗೆ ಇದರ ಉಲ್ಟಾ ತೊಂದರೆ. ಮಧ್ಯಾಹ್ನದ ಸೆಕೆಗೆ ಕ್ಲೇ ಬೆರಳಿಗೇ ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ ಹೊತ್ತಿನಲ್ಲಿ ಮಾಡಿಸಿ.

ಹಂತ 2: ಸಮತಟ್ಟು ಬಿಲ್ಲೆ

ಅಚ್ಚು ಬರುವುದು ಬಿಡುವುದು ತೀರ್ಮಾನವಾಗುವುದು ಇಲ್ಲಿ. ಇದೊಂದರಲ್ಲಿ ಅವಸರ ಮಾಡಬೇಡಿ.

ಟೈಲ್ಸ್ ನೆಲದ ಮೇಲೆ ಅಥವಾ ಗಾಜಿನ ಮೇಜಿನ ಮೇಲೆ ಹಾಲಿನ ಕವರ್ ಹಾಸಿ, ಒಳಮೈ ಮೇಲಕ್ಕಿರಲಿ. ನಡುವೆ ಕ್ಲೇ ಉಂಡೆ ಇಟ್ಟು ಅಂಗೈಯಿಂದ ತಟ್ಟಿ. ಅದರ ಎಡಕ್ಕೊಂದು ಬಲಕ್ಕೊಂದು ಪೆನ್ಸಿಲ್ ಇಡಿ. ಮೇಲೆ ಇನ್ನೊಂದು ಹಾಲಿನ ಕವರ್ ಮುಚ್ಚಿ, ಲೋಟವನ್ನು ಎರಡೂ ಪೆನ್ಸಿಲ್ ಮೇಲೆ ಉರುಳುವಂತೆ ಹಿಂದೆ ಮುಂದೆ ಲಟ್ಟಿಸಿ. ಲೋಟ ಪೆನ್ಸಿಲಿಗೆ ತಾಗಿದ ಮೇಲೆ ಇನ್ನು ಕೆಳಗಿಳಿಯುವುದಿಲ್ಲ. ಹೀಗೆ ಬಿಲ್ಲೆ ಎಲ್ಲ ಕಡೆ ಒಂದೇ ದಪ್ಪ, ಸುಮಾರು 7 ಮಿಲಿಮೀಟರ್ ಬರುತ್ತದೆ. ಇದಕ್ಕಿಂತ ತೆಳ್ಳಗಾದರೆ ಎತ್ತುವಾಗ ಬಾಗುತ್ತದೆ, ದಪ್ಪವಾದರೆ ಒತ್ತಿದಾಗ ಅಗಲಕ್ಕೆ ಹರಡುತ್ತದೆ.

ಲಟ್ಟಿಸಿ ಆದ ಮೇಲೆ ಬಿಲ್ಲೆಯ ಅಡಿಭಾಗ, ಅಂದರೆ ಟೈಲ್ಸ್ ಕಡೆ ಇದ್ದ ಮುಖ ನೋಡಿ. ಮೇಲಿನದಕ್ಕಿಂತ ಅದೇ ನುಣುಪಾಗಿರುತ್ತದೆ. ಅಚ್ಚಿಗೆ ಆ ಮುಖವನ್ನೇ ಬಳಸಿ. ಕವರ್ ಮಡಿಕೆ ಬಿದ್ದ ಗುರುತು ಕಂಡರೆ ಅದೇ ಅಚ್ಚಿನಲ್ಲೂ ಬಿಳಿ ಗೆರೆಯಾಗಿ ಬರುತ್ತದೆ. ಬೆರಳಿನ ಗುಳಿಯೂ ಹಾಗೆಯೇ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಬೆಳಕಿಗೆ ಓರೆಯಾಗಿ ನೋಡಿದರೆ ಉಬ್ಬು ತಗ್ಗು ಎಲ್ಲ ಕಾಣುತ್ತದೆ. ಮಕ್ಕಳಿಗೆ ಈ ಓರೆನೋಟ ಕಲಿಸಿಕೊಟ್ಟರೆ ಮುಂದೆ ಅವರೇ ತಪ್ಪು ಹಿಡಿಯುತ್ತಾರೆ.

ಸ್ಕೇಲಿನಿಂದ ಅಥವಾ ಹಳೆಯ ಎಟಿಎಂ ಕಾರ್ಡಿನಿಂದ ಬೇಕಾದ ಆಕಾರಕ್ಕೆ ಕತ್ತರಿಸಿ. ದುಂಡಗೆ ಬೇಕಿದ್ದರೆ ಡಬ್ಬಿಯ ಮುಚ್ಚಳ ಒತ್ತಿ. ಚಾಕು ಬೇಕಿಲ್ಲ.

ಹಂತ 3: ಚಿತ್ರ ಮೂಡಿಸುವುದು

ನಾಲ್ಕೈದು ವರ್ಷದ ಮಕ್ಕಳಿಗೆ ಚಿತ್ರ ಬಿಡಿಸಲು ಹೇಳಬೇಡಿ. ವಸ್ತುಗಳನ್ನು ಒತ್ತಲು ಬಿಡಿ. ಪೆನ್ನಿನ ಕ್ಯಾಪ್ ಒತ್ತಿದರೆ ಉಂಗುರ, ಬಾಚಣಿಗೆಯಿಂದ ಸಾಲು ಗೆರೆ, ಅಂಗಿ ಗುಂಡಿಯಿಂದ ನಾಲ್ಕು ಕಣ್ಣಿನ ಬಟ್ಟಲು, ಸ್ಕ್ರೂ ಮೊಳೆಯನ್ನು ಅಡ್ಡ ಉರುಳಿಸಿದರೆ ಓರೆಗೆರೆ, ಚಕ್ಕುಲಿ ಒರಳಿನ ಬಿಲ್ಲೆ ಒತ್ತಿದರೆ ನಕ್ಷತ್ರ. ಗೋಣಿಚೀಲದ ತುಂಡನ್ನು ಬಿಲ್ಲೆ ಮೇಲೆ ಹಾಸಿ ಲೋಟ ಉರುಳಿಸಿ ನೋಡಿ, ನೇಯ್ಗೆ ಇಡಿಯಾಗಿ ಇಳಿಯುತ್ತದೆ.

ಎಲೆಯೂ ಹಾಗೆಯೇ. ಅರಳಿ ಎಲೆ ಸಿಕ್ಕರೆ ಬಿಡಬೇಡಿ. ನರ ಎದ್ದು ಕಾಣುವ ಹಿಂಬದಿಯನ್ನು ಕ್ಲೇ ಕಡೆಗೆ ಇಟ್ಟು, ಕವರ್ ಮುಚ್ಚಿ, ಒಂದೇ ಸಲ ಗಟ್ಟಿಯಾಗಿ ಲಟ್ಟಿಸಿ. ತೊಟ್ಟು ಹಿಡಿದು ನಿಧಾನವಾಗಿ ಎಬ್ಬಿಸಿ. ನರಗಳು ಸಣ್ಣ ಕಾಲುವೆಗಳಾಗಿ ಇಳಿದಿರುತ್ತವೆ, ಅಚ್ಚಿನಲ್ಲಿ ಬಣ್ಣದ ನಡುವೆ ಬಿಳಿ ನರಗಳಾಗಿ ಬರುತ್ತವೆ. ದೊಡ್ಡಪತ್ರೆಯಂಥ ರಸಭರಿತ ಎಲೆ ಬೇಡ, ಒತ್ತಿದಾಗ ನೀರು ಬಿಟ್ಟು ಕ್ಲೇ ಕೆಡುತ್ತದೆ.

ಆರು ದಾಟಿದ ಮಕ್ಕಳು ತಾವೇ ಚಿತ್ರ ಕೊರೆಯಬಲ್ಲರು. ಮೊನೆ ಮೊಂಡಾದ ಪೆನ್ಸಿಲ್ ಅಥವಾ ಇಂಕು ಮುಗಿದ ಬಾಲ್ ಪೆನ್ ಕೊಡಿ. ಗೆರೆ ಸುಮಾರು 2 ಮಿಲಿಮೀಟರ್ ಆಳ ಇರಲಿ. ಅದಕ್ಕಿಂತ ಮೇಲುಮೇಲಿನ ಗೆರೆಯಲ್ಲಿ ಬಣ್ಣ ತುಂಬಿ ಮುಚ್ಚಿಹೋಗುತ್ತದೆ.

ಇಲ್ಲೊಂದು ಹೊಂಚು ಹಾಕುವ ತೊಂದರೆ ಇದೆ. ಪೆನ್ಸಿಲ್ ಎಳೆದಾಗ ಗೆರೆಯಿಂದ ಹೊರಬಂದ ಕ್ಲೇ ಎಲ್ಲಿ ಹೋಗುತ್ತದೆ? ಗೆರೆಯ ಎರಡೂ ಬದಿಗೆ ಸಣ್ಣ ಏರಿಯಾಗಿ ನಿಲ್ಲುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದು, ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಈಗ ಬಿಲ್ಲೆಯಲ್ಲಿ ಅತಿ ಎತ್ತರದ ಜಾಗ ಆ ಏರಿಗಳೇ. ಒತ್ತಿದಾಗ ಹಾಳೆಗೆ ತಾಗುವುದೂ ಅವೇ. ಹಾಗಾಗಿ ಒಂದು ಬಿಳಿ ಗೆರೆ ಬರಬೇಕಾದ ಕಡೆ ಎರಡು ಕಪ್ಪು ಗೆರೆ ಬಂದು, ಸುತ್ತಲಿನ ಬಯಲು ಖಾಲಿ ಉಳಿಯುತ್ತದೆ.

ಇದಕ್ಕೆ ಎರಡು ಪರಿಹಾರ. ಕೊರೆದು ಆದ ಮೇಲೆ ಬಿಲ್ಲೆಯ ಮೇಲೆ ಪಾರದರ್ಶಕ ಕವರ್ ಹಾಕಿ, ಗಾಜಿನ ತುಂಡು ಅಥವಾ ಸ್ಟೀಲ್ ಡಬ್ಬಿಯ ಚಪ್ಪಟೆ ತಳದಿಂದ ಮೆಲ್ಲಗೆ ಒತ್ತಿದರೆ ಏರಿಗಳು ಕೂರುತ್ತವೆ. ಜೋರಾಗಿ ಒತ್ತಿದರೆ ಗೆರೆಗಳೂ ಮುಚ್ಚಿಹೋದಾವು. ಇದಕ್ಕಿಂತ ಸುಲಭದ್ದು, ಮೊದಲೇ ಕವರ್ ಹಾಸಿ ಅದರ ಮೇಲಿನಿಂದಲೇ ಪೆನ್ಸಿಲ್ ಒತ್ತಿ ಬರೆಯುವುದು. ಕವರ್ ಕ್ಲೇಯನ್ನು ಎಬ್ಬಿಸದೆ ಕೆಳಕ್ಕೆ ತಳ್ಳುತ್ತದೆ, ಗೆರೆಯ ಅಂಚು ದುಂಡಗೆ ನಯವಾಗಿ ಬರುತ್ತದೆ. ಚಿಕ್ಕ ಮಕ್ಕಳಿಗೆ ನಾನು ಹೇಳುವುದು ಈ ಎರಡನೆಯದನ್ನೇ.

ಹಂತ 4: ಹಿಡಿ ಅಂಟಿಸಿ ತಣ್ಣಗೆ ಮಾಡುವುದು

ಅಂಗೈಗಿಂತ ಚಿಕ್ಕ ಬಿಲ್ಲೆಯಾದರೆ ಬೆನ್ನಿಗೆ ಹಿಡಿ ಬೇಕು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ, ಮರದ ತುಂಡು, ಚಿಕ್ಕದಕ್ಕೆ ನೀರಿನ ಬಾಟಲಿಯ ಮುಚ್ಚಳ ಆಗುತ್ತದೆ. ಎಣ್ಣೆ ಕ್ಲೇ ತಾನಾಗಿ ಅಂಟಿಕೊಳ್ಳುತ್ತದೆ, ಫೆವಿಕಾಲ್ ಬೇಡ. ಹಿಡಿಯ ಮುಖ ಬಿಲ್ಲೆಯಷ್ಟೇ ಅಗಲ ಇರಬೇಕು. ಅದು ಚಿಕ್ಕದಾದರೆ ನಡುಭಾಗ ಮಾತ್ರ ಮೂಡಿ ಅಂಚು ಮಸುಕಾಗುತ್ತದೆ.

ನಂತರ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಭಾಗದಲ್ಲಿ 15ರಿಂದ 20 ನಿಮಿಷ ಇಡಿ. ಎಣ್ಣೆ ಕ್ಲೇ ತಣ್ಣಗಾದರೆ ಬಿಗಿಯಾಗುತ್ತದೆ, ಒತ್ತಡಕ್ಕೆ ಬೇಗ ಹರಡುವುದಿಲ್ಲ, ಗೆರೆಗಳು ಹೆಚ್ಚು ಅಚ್ಚುಗಳವರೆಗೆ ನಿಲ್ಲುತ್ತವೆ. ಫ್ರೀಜರ್ ಬೇಡ. ಹೊರಗೆ ತೆಗೆದ ಮೇಲೆ ಮೇಲ್ಮೈಯಲ್ಲಿ ನೀರಿನ ಪಸೆ ಕೂತಿದ್ದರೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಫ್ರಿಜ್ ಇಲ್ಲದ ಕಡೆ, ಶಾಲೆಯಲ್ಲಿ, ಈ ಹಂತ ಬಿಟ್ಟರೂ ನಡೆಯುತ್ತದೆ. ಒಂದು ಬಿಲ್ಲೆಯಿಂದ ಸಿಗುವ ಅಚ್ಚು ಕಡಿಮೆಯಾಗುತ್ತದೆ, ಅಷ್ಟೆ.

ಹಂತ 5: ಬಣ್ಣ ಸಿದ್ಧ ಮಾಡುವುದು

ಎಣ್ಣೆ ಕ್ಲೇ ಮೇಲೆ ನೀರಿನ ಬಣ್ಣ ಹಚ್ಚಿದರೆ ಅದು ಹರಡದೆ ಹನಿಹನಿಯಾಗಿ ಒಟ್ಟುಗೂಡುತ್ತದೆ. ಅಚ್ಚು ಚುಕ್ಕೆ ಚುಕ್ಕೆಯಾಗಿ ಬರಲು ಕಾರಣ ಇದು. ಜಿಡ್ಡಿಗೂ ನೀರಿಗೂ ಆಗದು, ಮಧ್ಯೆ ಸಾಬೂನು ಬರಬೇಕು. ಎರಡು ಕೆಲಸ ಮಾಡಿ. ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬಿಲ್ಲೆಯ ಮುಖವನ್ನು ಒಮ್ಮೆ ಹಗುರವಾಗಿ ತಟ್ಟಿ. ಬಣ್ಣಕ್ಕೂ ಒಂದು ದೊಡ್ಡ ಚಮಚಕ್ಕೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ನೊರೆ ಬರದಂತೆ ಕಲಸಿ. ಎರಡು ಹನಿಯಾದರೆ ಗುಳ್ಳೆ ಏಳುತ್ತದೆ, ಆ ಗುಳ್ಳೆಗಳೂ ಅಚ್ಚಿನಲ್ಲಿ ಬರುತ್ತವೆ.

ಬಣ್ಣ ಗಟ್ಟಿಯಾಗಿರಬೇಕು, ಇಡ್ಲಿ ಹಿಟ್ಟಿನ ಹದ. ಬಾಟಲಿಯಲ್ಲಿ ಇರುವ ಹಾಗೇ ಪೋಸ್ಟರ್ ಕಲರ್ ಸಾಮಾನ್ಯವಾಗಿ ಸರಿಯಾಗಿರುತ್ತದೆ. ನೀರು ಸೇರಿಸುವ ಅಭ್ಯಾಸ ಮಕ್ಕಳಿಗೆ ಬಹಳ, ನೀರಿನ ಲೋಟವನ್ನೇ ಮೇಜಿನ ಮೇಲೆ ಇಡದಿದ್ದರೆ ಒಳ್ಳೆಯದು.

ಹಂತ 6: ಬಣ್ಣ ಹಚ್ಚುವುದು

ಬ್ರಶ್ ಬೇಡ. ಬ್ರಶ್ಶಿನ ಎಳೆಗಳು ತಗ್ಗಿಗೆ ಇಳಿದು ಅಲ್ಲೂ ಬಣ್ಣ ತುಂಬುತ್ತವೆ. ಸ್ಪಂಜಿನ ತುಂಡನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಪುಟ್ಟ ಗಂಟು ಮಾಡಿಕೊಳ್ಳಿ. ತಟ್ಟೆಯಲ್ಲಿ ಬಣ್ಣವನ್ನು ತೆಳುವಾಗಿ ಸವರಿ, ಗಂಟನ್ನು ಅದರಲ್ಲಿ ತಟ್ಟಿ, ಒಮ್ಮೆ ಪೇಪರಿನ ಮೇಲೆ ತಟ್ಟಿ ಹೆಚ್ಚಿನದನ್ನು ತೆಗೆದು, ಆಮೇಲೆ ಬಿಲ್ಲೆ ಮೇಲೆ ತಟ್ಟುತ್ತಾ ಹೋಗಿ. ಎಳೆಯಬಾರದು, ತಟ್ಟಬೇಕು. ತಟ್ಟುವಾಗ "ಟಪ್ ಟಪ್" ಎಂಬ ಒಣ ಸದ್ದು ಬಂದರೆ ಬಣ್ಣ ಸರಿಯಾಗಿದೆ. "ಪಚಕ್" ಎಂದರೆ ಹೆಚ್ಚಾಗಿದೆ. ಹೆಚ್ಚಾದರೆ ಗಾಬರಿ ಬೇಡ, ಅದನ್ನು ಪೇಪರ್ ಮೇಲೆ ಒಂದೆರಡು ಸಲ ಒತ್ತಿಬಿಡಿ.

ಹಂತ 7: ಒತ್ತುವುದು

ಮೇಜಿನ ಮೇಲೆ ದಿನಪತ್ರಿಕೆಯನ್ನು ನಾಲ್ಕೈದು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಹಾಳೆ ಇಡಿ. ಕೆಳಗೆ ಮೆತ್ತಗಿದ್ದರೆ ಹಾಳೆ ಸ್ವಲ್ಪ ಬಾಗಿ ಬಿಲ್ಲೆಯ ಸಣ್ಣಪುಟ್ಟ ತಗ್ಗಿಗೂ ತಾಗುತ್ತದೆ.

ಹಿಡಿಯಿರುವ ಚಿಕ್ಕ ಬಿಲ್ಲೆಯನ್ನು ನೇರ ಮೇಲಿನಿಂದ ಇಳಿಸಿ. ಅಂಗೈಯಿಂದ ಒತ್ತಿ, ನಾಲ್ಕು ಎಣಿಸಿ, ನೇರವಾಗಿ ಎತ್ತಿ. ಇಟ್ಟ ಮೇಲೆ ಅಲುಗಾಡಿಸಿದರೆ ಗೆರೆಗಳು ಕಲೆಸಿಹೋಗುತ್ತವೆ. ತೂಕ ಹಾಕಿ ಒತ್ತುವುದೂ ಬೇಡ. ಮಕ್ಕಳು ಅದರ ಮೇಲೆ ನಿಂತುಬಿಡುವುದುಂಟು, ಆಗ ಬಿಲ್ಲೆ ಅಗಲವಾಗಿ ಚಿತ್ರದ ಬೆಕ್ಕಿಗೆ ಹೊಟ್ಟೆ ಬರುತ್ತದೆ.

ಅಂಗೈಗಿಂತ ದೊಡ್ಡದಾದರೆ ಕ್ರಮ ತಿರುಗಿಸಿ. ಬಿಲ್ಲೆ ಮೇಜಿನ ಮೇಲೇ ಇರಲಿ, ಹಾಳೆಯನ್ನು ಅದರ ಮೇಲೆ ಒಂದು ಅಂಚಿನಿಂದ ಇಳಿಸುತ್ತಾ ಹೋಗಿ. ಒಂದು ಕೈಯಿಂದ ಹಾಳೆ ಸರಿಯದಂತೆ ಹಿಡಿದು, ಇನ್ನೊಂದು ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಒಂದು ಮೂಲೆ ಎತ್ತಿ ಇಣುಕಿ ನೋಡಿ, ಮಸುಕಾಗಿದ್ದರೆ ಮತ್ತೆ ಇಳಿಸಿ ಅಷ್ಟೇ ಜಾಗ ಸವರಬಹುದು. ಹಾಳೆ ಸಿಪ್ಪೆಯಂತೆ ಎದ್ದು ಬರುವ ಆ ಗಳಿಗೆಯೇ ಮಕ್ಕಳಿಗೆ ಹಬ್ಬ. ಎತ್ತುವ ಕೆಲಸ ನೀವು ಮಾಡಬೇಡಿ.

ಮೊದಲ ಅಚ್ಚು ಯಾವಾಗಲೂ ಸಪ್ಪೆ. ಕ್ಲೇ ಮೇಲೆ ಬಣ್ಣದ ತೆಳು ಪದರ ಕೂತ ಮೇಲೆ ಎರಡನೆಯದು, ಮೂರನೆಯದು ತುಂಬಿ ಬರುತ್ತವೆ. ಆದ್ದರಿಂದ ಮೊದಲನೆಯದನ್ನು ನೋಟ್ ಬುಕ್ ಹಾಳೆಯ ಮೇಲೇ ತೆಗೆಯಿರಿ. ಪ್ರತಿ ಅಚ್ಚಿಗೂ ಹೊಸದಾಗಿ ಬಣ್ಣ ತಟ್ಟಬೇಕು. ನಾಲ್ಕಾರು ಅಚ್ಚು ಆದ ಮೇಲೆ ತಗ್ಗುಗಳಲ್ಲಿ ಬಣ್ಣ ತುಂಬಿಕೊಂಡರೆ ಟೂತ್‌ಪಿಕ್ಕಿನಿಂದ ಕೆರೆದು ತೆಗೆಯಿರಿ.

ಇನ್ನೊಂದು ಎಚ್ಚರಿಕೆ: ಬಿಲ್ಲೆಯನ್ನು ಹಾಳೆ ಮೇಲೆ ಇಟ್ಟು ಮರೆಯಬೇಡಿ. ಕ್ಲೇಯ ಎಣ್ಣೆ ಹಾಳೆಗೆ ಇಳಿದು ಅಚ್ಚಿನ ಸುತ್ತ ಜಿಡ್ಡಿನ ಕಲೆ ಕಟ್ಟುತ್ತದೆ, ಅದು ಹೋಗುವುದಿಲ್ಲ. ತೆಳು ಹಾಳೆಯಲ್ಲಿ ಇದು ಬೇಗ ಕಾಣುತ್ತದೆ. ಬಟ್ಟೆಯ ಮೇಲೆ, ಕರ್ಚೀಫಿನ ಮೇಲೆ ಅಚ್ಚು ಹಾಕಲು ಎಣ್ಣೆ ಕ್ಲೇ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಬಟ್ಟೆಗೆ ಒಣಗಿದ ಫೋಮ್ ಕ್ಲೇ, ಫ್ಯಾಬ್ರಿಕ್ ಕಲರ್ ಸರಿ.

ಹಂತ 8: ಒಣಗಿಸುವುದು

ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ನೇತುಹಾಕಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಪೋಸ್ಟರ್ ಕಲರ್ ರಾತ್ರಿಯೆಲ್ಲ ಪಸೆಯಾಗೇ ಇರುತ್ತದೆ. ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹಾಸಿ, ಒಂದರ ಮೇಲೊಂದು ಪೇರಿಸಬೇಡಿ.

ಹೆಸರು ಬರೆಯಬೇಕೆಂದರೆ

ಮಕ್ಕಳು ಎರಡನೆಯ ದಿನವೇ ಕೇಳುವುದು ಇದನ್ನು: "ನನ್ನ ಹೆಸರಿನ ಅಚ್ಚು." ಇಲ್ಲಿ ಎಲ್ಲರೂ ಎಡವುತ್ತಾರೆ. ಅಚ್ಚು ಕನ್ನಡಿ ಇದ್ದಂತೆ, ಎಡ ಬಲವಾಗುತ್ತದೆ. ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" 1843ರಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕಲ್ಲಚ್ಚು ಅಂದರೆ ನಯ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ ಕಾಗದಕ್ಕೆ ಇಳಿಸುವ ವಿಧಾನ. ಆ ಕಲ್ಲಿನ ಮೇಲೂ ಅಕ್ಷರ ತಿರುಗಿಯೇ ಇರಬೇಕು.

"ಸುಮ" ಎಂದು ಬರಬೇಕಿದ್ದರೆ ಬಿಲ್ಲೆಯ ಮೇಲೆ ಎಡಗಡೆ "ಮ", ಬಲಗಡೆ "ಸು" ಇರಬೇಕು, ಜೊತೆಗೆ ಒಂದೊಂದು ಅಕ್ಷರವೂ ತಿರುಗಿರಬೇಕು. ಮಕ್ಕಳು ಸಾಲನ್ನು ತಿರುಗಿಸಿ ಅಕ್ಷರ ತಿರುಗಿಸುವುದನ್ನು ಬಿಡುತ್ತಾರೆ, ಇಲ್ಲವೇ ಅಕ್ಷರ ತಿರುಗಿಸಿ ಸಾಲನ್ನು ಬಿಡುತ್ತಾರೆ. ತಲೆಯಲ್ಲಿ ಲೆಕ್ಕ ಹಾಕುವುದೇ ಬೇಡ. ಬಟರ್ ಪೇಪರ್ ಮೇಲೆ ದಪ್ಪಗೆ, ಕಪ್ಪಗೆ ಹೆಸರು ಬರೆಸಿ. ಹಾಳೆ ಮಗುಚಿ ಬಿಲ್ಲೆ ಮೇಲೆ ಹಾಸಿ. ಹಿಂಬದಿಯಿಂದ ಕಾಣುವ ಗೆರೆಯ ಮೇಲೆಯೇ ಮೊಂಡು ಪೆನ್ಸಿಲ್ ಒತ್ತಿ ಬರೆಸಿ. ಬಟರ್ ಪೇಪರ್ ಮೇಲಿಂದ ಬರೆಯುವುದರಿಂದ ಏರಿಯೂ ಏಳುವುದಿಲ್ಲ. ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಸಿಗುತ್ತದೆ.

ಬಿಳಿ ಹಿನ್ನೆಲೆಯಲ್ಲಿ ಬಣ್ಣದ ಅಕ್ಷರ ಬೇಕಿದ್ದರೆ ಕೊರೆಯುವ ಬದಲು ಕಟ್ಟಬೇಕು. ಕ್ಲೇಯನ್ನು ಪೆನ್ಸಿಲ್ ದಪ್ಪದ ಎಳೆಯಾಗಿ ಹೊಸೆದು, ಅದನ್ನೇ ಬಾಗಿಸಿ ಅಕ್ಷರ ಮಾಡಿ, ಗಟ್ಟಿ ರಟ್ಟಿನ ಮೇಲೆ ಕೂರಿಸುವುದು. ಕನ್ನಡ ಲಿಪಿಗೆ ಇದು ಹೇಳಿ ಮಾಡಿಸಿದ ದಾರಿ ಎಂದು ನನಗೆ ಅನ್ನಿಸಿದೆ. ನಮ್ಮ ಅಕ್ಷರಗಳಲ್ಲಿ ಮೂಲೆಗಳು ಕಡಿಮೆ, ಸುರುಳಿಗಳೇ ಹೆಚ್ಚು, ಕ್ಲೇ ಎಳೆ ತಾನಾಗಿ ಸುತ್ತಿಕೊಂಡು "ಅ", "ಲ", "ಬ" ಆಗುತ್ತದೆ. "ಕ" ಬರೆಯುವಾಗ ಮಾತ್ರ ಹುಷಾರು. ನಡುವಿನ ಅಡ್ಡಗೆರೆ ಸುರುಳಿಯನ್ನು ದಾಟುವ ಕಡೆ ಎಳೆಯ ಮೇಲೆ ಎಳೆ ಕೂತು ಆ ಒಂದು ಜಾಗ ಎರಡು ಪಟ್ಟು ಎತ್ತರವಾಗುತ್ತದೆ. ಅಲ್ಲಿ ಎಳೆಯನ್ನು ಕತ್ತರಿಸಿ ಎರಡೂ ಕಡೆಯಿಂದ ತಾಗಿಸಿ ಕೂರಿಸಬೇಕು. ಎಲ್ಲ ಕಟ್ಟಿ ಆದ ಮೇಲೆ ಕವರ್ ಮುಚ್ಚಿ ಗಾಜಿನಿಂದ ಮೆಲ್ಲಗೆ ಒತ್ತಿ, ಎಳೆಗಳ ಬೆನ್ನು ಒಂದೇ ಮಟ್ಟಕ್ಕೆ ಬರುತ್ತದೆ. ಒತ್ತಕ್ಷರ ಇರುವ ಹೆಸರಾದರೆ ಅಕ್ಷರದ ಎತ್ತರ 4 ಸೆಂಟಿಮೀಟರಿಗಿಂತ ಕಡಿಮೆ ಬೇಡ, ಒತ್ತಿನ ಸಣ್ಣ ಸುರುಳಿಯೊಳಗೆ ಬಣ್ಣ ತುಂಬಿ ಗುಡ್ಡೆಯಾಗುತ್ತದೆ.

ಎರಡು ಬಣ್ಣದ ಅಚ್ಚು

ಒಂಬತ್ತು ದಾಟಿದವರಿಗೆ ಇದು. ಸರಳ ಗೆರೆ ಕೊರೆದ ಬಿಲ್ಲೆಯಿಂದ ಮೊದಲು ಹಳದಿಯಲ್ಲಿ ನಾಲ್ಕೈದು ಹಾಳೆ ತೆಗೆದು ಒಣಗಿಸಿ. ಬಿಲ್ಲೆ ಒರೆಸಿ, ಅದೇ ಬಿಲ್ಲೆಯ ಮೇಲೆ ಇನ್ನಷ್ಟು ಕೊರೆಯಿರಿ: ಹಳದಿಯಾಗೇ ಉಳಿಯಬೇಕಾದ ಭಾಗಗಳನ್ನೆಲ್ಲ ತಗ್ಗು ಮಾಡಿ. ಈಗ ನೀಲಿ ಅಥವಾ ಕೆಂಪು ತಟ್ಟಿ ಹಳದಿ ಅಚ್ಚಿನ ಮೇಲೆಯೇ ಒತ್ತಿ. ಮೊದಲು ಕೊರೆದದ್ದು ಬಿಳಿ, ಆಮೇಲೆ ಕೊರೆದದ್ದು ಹಳದಿ, ಉಳಿದದ್ದು ಗಾಢ ಬಣ್ಣ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ನಂತರ. ತಿರುಗಿಸಿದರೆ ಹಳದಿ ಕಾಣುವುದೇ ಇಲ್ಲ.

ಎರಡನೇ ಸಲ ಅದೇ ಜಾಗಕ್ಕೆ ಸರಿಯಾಗಿ ಕೂರಿಸುವುದು ಕಷ್ಟದ ಭಾಗ. ಕೆಳಗೆ ಹಾಸಿದ ಪೇಪರ್ ಮೇಲೆ ಬಿಲ್ಲೆಯ ನಾಲ್ಕು ಮೂಲೆ, ಹಾಳೆಯ ಎರಡು ಮೂಲೆ ಪೆನ್ನಿನಿಂದ ಗುರುತು ಹಾಕಿ, ಬಿಲ್ಲೆ ಕೆಳಗೆ ಹಾಳೆ ಮೇಲೆ ಎಂಬ ದೊಡ್ಡ ಬಿಲ್ಲೆಯ ಕ್ರಮದಲ್ಲೇ ಒತ್ತಿ. ಹೀಗೆ ಮಾಡಿದರೂ ಒಂದೆರಡು ಮಿಲಿಮೀಟರ್ ಸರಿಯುತ್ತದೆ. ಕ್ಲೇಯೇ ಅಷ್ಟಿಷ್ಟು ಹಿಗ್ಗುವ ವಸ್ತು, ಅದಕ್ಕೆ ಮಗುವನ್ನು ಗದರಬೇಡಿ.

ತರಗತಿಯಲ್ಲಿ ಮಾಡಿಸುವವರಿಗೆ

ನಲವತ್ತು ಮಕ್ಕಳಿಗೆ ನಲವತ್ತು ತಟ್ಟೆ ಬಣ್ಣ ಕೊಟ್ಟರೆ ನೀವು ಕೆಟ್ಟಿರಿ. ಬಿಲ್ಲೆ ಮಾಡುವುದು, ಕೊರೆಯುವುದು ಎಲ್ಲರೂ ತಮ್ಮ ಜಾಗದಲ್ಲೇ ಮಾಡಲಿ. ಬಣ್ಣದ ಮೇಜು ಬೇರೆ ಇರಲಿ, ಒಂದು ಮೇಜಿಗೆ ಒಂದೇ ಬಣ್ಣ, ಒಂದು ಸಲಕ್ಕೆ ಐದಾರು ಜನ. ಅಚ್ಚು ಹಾಕುವ ಮೊದಲೇ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಸಿ. ಕೈಗೆ ಬಣ್ಣವಾದ ಮೇಲೆ ಯಾರ ಹಾಳೆ ಯಾರದೆಂದು ಬ್ರಹ್ಮನಿಗೂ ತಿಳಿಯದು. ಒಂದೇ ಪೀರಿಯಡ್ಡಿನಲ್ಲಿ ಮುಗಿಸುವ ಹಟ ಬೇಡ. ಎಣ್ಣೆ ಕ್ಲೇ ಒಣಗದಿರುವುದರಿಂದ ಇವತ್ತು ಕೊರೆದದ್ದನ್ನು ಮುಂದಿನ ವಾರವೂ ಒತ್ತಬಹುದು.

ಎಲ್ಲ ಮಕ್ಕಳ ಚಿಕ್ಕ ಬಿಲ್ಲೆಗಳನ್ನು ಉದ್ದನೆಯ ಚಾರ್ಟ್ ಪೇಪರಿನ ಅಂಚಿಗೆ ಸಾಲಾಗಿ ಒತ್ತಿಸಿ ಸೀರೆಯ ಅಂಚು ಮಾಡಿಸಬಹುದು. ಹಾಳೆಯನ್ನು ಮೊದಲು ಹಗುರವಾಗಿ ಮಡಚಿ ಚೌಕ ಮಾಡಿಕೊಂಡರೆ ಸಾಲು ಸೊಟ್ಟಗಾಗದು.

ಕೊನೆಗೆ ಸ್ವಚ್ಛ ಮಾಡುವುದು

ಬಿಲ್ಲೆಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಒದ್ದೆ ಬಟ್ಟೆಯಿಂದ ಬಣ್ಣ ತಟ್ಟಿ ತೆಗೆದು, ಒಣಗಿಸಿ ಮುದ್ದೆ ಮಾಡಿ. ಎಷ್ಟು ಒರೆಸಿದರೂ ಒಂದಿಷ್ಟು ಬಣ್ಣ ಒಳಗೆ ಸೇರಿ ಕ್ಲೇ ಬೂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಅಚ್ಚಿನ ಕ್ಲೇಗೇ ಬೇರೆ ಡಬ್ಬಿ ಇಡಿ, ಗೊಂಬೆ ಮಾಡುವ ಹೊಸ ಕ್ಲೇ ಜೊತೆ ಬೆರೆಸಬೇಡಿ. ಕ್ಲೇ ಚೂರು ಸಿಂಕಿಗೆ ಹೋದರೆ ಪೈಪ್ ಕಟ್ಟಿಕೊಳ್ಳುತ್ತದೆ, ಕೈ ತೊಳೆಯುವ ಮುಂಚೆ ಪೇಪರಿನಿಂದ ಉಜ್ಜಿ ತೆಗೆದು ಕಸದ ಬುಟ್ಟಿಗೆ ಹಾಕಿಸಿ. ಬಟ್ಟೆಗೋ ಜಮಖಾನಕ್ಕೋ ಮೆತ್ತಿಕೊಂಡರೆ ಉಜ್ಜಲು ಹೋಗಬೇಡಿ, ಇನ್ನೂ ಒಳಗಿಳಿಯುತ್ತದೆ. ಐಸ್ ತುಂಡನ್ನು ಕವರಿನಲ್ಲಿ ಹಾಕಿ ಅದರ ಮೇಲಿಟ್ಟು, ಗಟ್ಟಿಯಾದ ಮೇಲೆ ಚಮಚದ ಅಂಚಿನಿಂದ ಎಬ್ಬಿಸಿ. ಉಳಿದ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ.